ಎರಡನೇ ಸ್ಥಾನ ಪಡೆದ ನೀರು

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಹನಿಯಮ್ಮ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹತ್ತೊಂಬತ್ತು ವರ್ಷದಿಂದ ಕೈಯಲ್ಲಿ ಪಿಪೆಟ್ಟು ಹಿಡಿದು, ಕಂಡೂ ಕಾಣದಷ್ಟು ಸಣ್ಣ ಹನಿಗಳನ್ನು ಒಂದು ಪುಟ್ಟ ನಳಿಕೆಯಿಂದ ಇನ್ನೊಂದಕ್ಕೆ ದಾಟಿಸುವುದೇ ಅವಳ ಕೆಲಸ. ಮನೆಯಲ್ಲಿ ಹಾಲು ಬಗ್ಗಿಸುವಾಗಲೂ ಒಂದು ತೊಟ್ಟು ಹೊರಗೆ ಬೀಳುತ್ತಿರಲಿಲ್ಲ. ಅಂಥ ಕೈಯಿಂದ ಆದ ಒಂದು ತಪ್ಪಿನ ಕತೆ ಇದು.

ತಪ್ಪಿಗೆ ಮೊದಲು ಯಂತ್ರದ ವಿಷಯ ಹೇಳಬೇಕು. ಹಿಂದೆಲ್ಲ ರೋಗಾಣುವನ್ನು ಹಿಡಿಯಬೇಕೆಂದರೆ ಮೊದಲು ಅದನ್ನು ಸಾಕಬೇಕಿತ್ತು. ರೋಗಿಯ ಮಲವನ್ನು ಗಾಜಿನ ತಟ್ಟೆಯ ಮೇಲೆ ಸವರಿ, ಬೆಚ್ಚಗಿನ ಕಪಾಟಿನಲ್ಲಿಟ್ಟು, ಅದು ಮನಸ್ಸು ಮಾಡಿ ಬೆಳೆಯುವವರೆಗೆ ಮೂರು ನಾಲ್ಕು ದಿನ ಕಾಯಬೇಕು. ಹಿಂದಿನ ಕೋಣೆಯಲ್ಲಿ ಈ ಕೆಲಸ ಮಾಡುತ್ತಲೇ ತಲೆ ನೆರೆತ ಹಿರಿಯರೊಬ್ಬರಿದ್ದರು, ಅವರಿಗೆ ತಟ್ಟೆ ತಾತ ಎಂಬ ಹೆಸರೇ ಬಿದ್ದಿತ್ತು. ಹೊಸ ಯಂತ್ರಕ್ಕೆ ಅಷ್ಟು ತಾಳ್ಮೆಯಿಲ್ಲ. ಅದಕ್ಕೆ ಇಡೀ ರೋಗಾಣು ಬೇಕಾಗಿಲ್ಲ, ಅದರ ಡಿಎನ್‌ಎಯ ಒಂದು ಚೂರು ಸಾಕು. ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಒಂದನ್ನು ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ, ಹೀಗೆ ನಲವತ್ತು ಸುತ್ತು ತಿರುಗಿಸಿದರೆ ಎರಡು ಗಂಟೆಯೊಳಗೆ ಕೋಟಿಗಟ್ಟಲೆ ಪ್ರತಿಗಳು ಸಿದ್ಧ. ಪರದೆಯ ಮೇಲೆ ಗೆರೆ ಎದ್ದರೆ ರೋಗಾಣು ಉಂಟು, ನೆಲ ಹಿಡಿದು ಮಲಗಿದರೆ ಇಲ್ಲ. ಬೇಗ ಎದ್ದರೆ ಹೆಚ್ಚು ಉಂಟು, ತಡವಾಗಿ ಎದ್ದರೆ ಕಡಿಮೆ ಉಂಟು.

ಇಷ್ಟು ಜಾಣ ಯಂತ್ರಕ್ಕೆ ಎರಡೇ ಕಟ್ಟಳೆ. ಒಂದು, ಕೆಲಸ ಒಂದೇ ದಿಕ್ಕಿಗೆ ಹೋಗಬೇಕು. ಮೊದಲ ಕೋಣೆಯಲ್ಲಿ ದ್ರಾವಣ ಬೆರೆಸುವುದು, ಎರಡನೆಯದರಲ್ಲಿ ರೋಗಿಯ ಮಾದರಿ ಸೇರಿಸುವುದು, ಮೂರನೆಯದರಲ್ಲಿ ಯಂತ್ರ. ಯಂತ್ರದಿಂದ ಹೊರಬಂದ ನಳಿಕೆಯ ಮುಚ್ಚಳವನ್ನು ತಲೆ ಹೋದರೂ ತೆಗೆಯಬಾರದು, ಅದನ್ನು ಹಿಡಿದು ಹಿಂದಕ್ಕಂತೂ ಬರಲೇಬಾರದು. ಕೋಟಿ ಪ್ರತಿಗಳಲ್ಲಿ ನಾಲ್ಕು ಹಾರಿ ಮೊದಲ ಕೋಣೆಯಲ್ಲಿ ಕೂತರೆ, ಅಲ್ಲಿಂದಾಚೆ ರೋಗವಿಲ್ಲದವರ ಮಾದರಿಯಲ್ಲೂ ರೋಗ ಕಾಣಬಹುದು. ಇನ್ನೊಂದು ಕಟ್ಟಳೆ, ಪ್ರತಿ ಸಲವೂ ಮಾದರಿಗಳ ಜೊತೆ ಬರೀ ಶುದ್ಧ ನೀರಿನ ಒಂದು ನಳಿಕೆ ಇಡಬೇಕು. ಅದರ ಗೆರೆ ಏಳಕೂಡದು. ಎದ್ದರೆ ಆ ದಿನದ ಫಲಿತಾಂಶವೆಲ್ಲ ಕಸದ ಬುಟ್ಟಿಗೆ.

ಪ್ರಯೋಗಾಲಯದ ಮುಖ್ಯಸ್ಥರನ್ನು ಬೆನ್ನ ಹಿಂದೆ ಶೇಕಡಾ ಸಾಹೇಬರು ಎನ್ನುತ್ತಿದ್ದರು. ಲೋಕದ ಯಾವ ಸಂಗತಿಯೂ ನೂರಕ್ಕೆ ಇಷ್ಟು ಎಂದು ಹೇಳದ ಹೊರತು ಅವರ ತಲೆಗೆ ಹತ್ತುತ್ತಿರಲಿಲ್ಲ. ನಿದ್ದೆ ಹೇಗೆ ಬಂತು ಸಾರ್ ಎಂದರೆ ಎಪ್ಪತ್ತೈದು ಪರ್ಸೆಂಟ್ ಎನ್ನುವ ಮನುಷ್ಯ. ಯಂತ್ರದ ಉದ್ಘಾಟನೆಗೆ ಅವರು ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿಯನ್ನು ಕರೆಸಿದರು. ಅಧಿಕಾರಿಗಳು ಬಂದರು, ಪರದೆ ನೋಡಿದರು, ತಲೆಯಾಡಿಸಿದರು, ಕೊನೆಗೆ ಕೇಳಿದರು.

"ಎಲ್ಲಾ ಸರಿ. ಡಿಎನ್‌ಎ ಎಲ್ಲಿ?"

ಹನಿಯಮ್ಮ ಪರದೆಯತ್ತ ಕೈ ತೋರಿಸಿದಳು.

"ಇದು ಗೆರೆ. ನಾನು ಕೇಳಿದ್ದು ಡಿಎನ್‌ಎ."

"ನಳಿಕೆ ಒಳಗಿದೆ ಸಾರ್. ಆದ್ರೆ ಅದನ್ನ ತೆಗೆಯೋ ಹಾಗಿಲ್ಲ."

"ಇಷ್ಟು ದೂರ ಬಂದು ಮುಚ್ಚಳ ನೋಡ್ಕೊಂಡು ಹೋಗ್ಬೇಕಾ?"

ಸಾಹೇಬರು ಹನಿಯಮ್ಮನನ್ನು ನೋಡಿದ ನೋಟಕ್ಕೆ ಬಾಯಿ ಇದ್ದಿದ್ದರೆ ಬೈದೇ ಬಿಡುತ್ತಿತ್ತು. ಅವಳು ಮುಚ್ಚಳ ತೆಗೆದಳು. ಹತ್ತೊಂಬತ್ತು ವರ್ಷ ಬೇರೆಯವರಿಗೆ ಬೇಡ ಬೇಡ ಎಂದು ಹೇಳಿಕೊಟ್ಟದ್ದನ್ನು ತಾನೇ ಮಾಡಿದಳು. ಮೂರನೆಯ ಕೋಣೆಯಲ್ಲಿ ಬೆಳಕು ಸಾಲದು ಎಂದು ಫೋಟೋದವನು ಗೊಣಗಿದ್ದಕ್ಕೆ ಇಡೀ ದಂಡು ತೆರೆದ ನಳಿಕೆಯೊಂದಿಗೆ ಮೊದಲ ಕೋಣೆಗೆ ನಡೆಯಿತು, ಅಲ್ಲಿ ದೊಡ್ಡ ಕಿಟಕಿಯಿತ್ತು. ಅಧಿಕಾರಿಗಳು ನಳಿಕೆಯನ್ನು ಮೂಗಿಗೆ ಹಿಡಿದು, "ವಾಸನೆ ಇಲ್ವಲ್ಲ," ಎಂದರು. "ನೂರಕ್ಕೆ ನೂರು ಶುದ್ಧ ಸಾರ್," ಎಂದರು ಸಾಹೇಬರು. ದ್ರಾವಣ ಬೆರೆಸುವ ಮೇಜಿನ ಮೇಲೆ ಒಂದು ಹನಿ ಬಿತ್ತು. ಸಾಹೇಬರು ಅದನ್ನು ಕರ್ಚೀಫಿನಿಂದ ಒರೆಸಿ, ಅದೇ ಕರ್ಚೀಫಿನಿಂದ ಅಧಿಕಾರಿಗಳು ಕೂರಬೇಕಾದ ಕುರ್ಚಿಯನ್ನೂ ಒರೆಸಿದರು. ಫೋಟೋ ಬಹಳ ಚೆನ್ನಾಗಿ ಬಂತು.

ಮರುವಾರದಿಂದ ಸುತ್ತಮುತ್ತಲ ಜನರ ಆರೋಗ್ಯ ಹಳ್ಳ ಹಿಡಿಯಿತು, ಕನಿಷ್ಠ ಕಾಗದದ ಮೇಲೆ. ಮೊದಲು ನೂರು ಮಂದಿಯಲ್ಲಿ ಏಳು ಜನರಲ್ಲಿ ಸಿಗುತ್ತಿದ್ದ ರೋಗಾಣು ಈಗ ಅರವತ್ತೆರಡು ಜನರಲ್ಲಿ ಸಿಗತೊಡಗಿತು. ಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷ. ಬಾಗಿಲ ಪಕ್ಕ ಒಂದು ಹಲಗೆ ತೂಗುಹಾಕಿ, ಪತ್ತೆಯ ಪ್ರಮಾಣವನ್ನು ದಿನವೂ ತಾವೇ ಬರೆಯುತ್ತಿದ್ದರು. ಇಲಾಖೆಯಿಂದ ಮೆಚ್ಚುಗೆಯ ಪತ್ರ ಬಂತು. ಇಷ್ಟು ವರ್ಷ ಕೈಗೆ ಸಿಗದೆ ಓಡಾಡುತ್ತಿದ್ದ ರೋಗಾಣುಗಳೆಲ್ಲ ಸಾಹೇಬರ ಹೆಸರು ಕೇಳಿ ತಾವಾಗಿ ಬಂದು ಶರಣಾದವು ಎಂಬ ಧಾಟಿಯಲ್ಲಿತ್ತು ಅದು.

ಹನಿಯಮ್ಮನಿಗೆ ಗೊತ್ತಿತ್ತು. ನೀರಿನ ನಳಿಕೆಯ ಗೆರೆಯೂ ಏಳುತ್ತಿತ್ತು. ಬ್ಲೀಚಿಂಗ್ ನೀರಿನಿಂದ ಮೇಜನ್ನು ಉಜ್ಜಿ ಉಜ್ಜಿ ಕೈ ಸುಲಿಯಿತು, ಗೆರೆ ಮಲಗಲಿಲ್ಲ. ಕೊನೆಗೆ ಸಾಹೇಬರ ಮುಂದೆ ಹೋಗಿ ನಿಂತಳು.

"ನೀರಲ್ಲೂ ಬರ್ತಿದೆ ಸಾರ್. ಒಂದು ವಾರ ಬಾಗಿಲು ಹಾಕಿ ಎಲ್ಲಾ ದ್ರಾವಣ ಚೆಲ್ಲಬೇಕು."

"ಯಾವ ನೀರು? ಯಾರು ಕಳಿಸಿದ್ದು?"

"ಯಾರೂ ಕಳಿಸಿಲ್ಲ. ನಾವೇ ಇಡೋದು."

"ಅದರ ವರದಿ ಯಾರಿಗೆ ಕೊಡ್ತೀರಿ?"

"ಯಾರಿಗೂ ಇಲ್ಲ."

"ಯಾರೂ ಕೇಳದ ಪರೀಕ್ಷೆ ಮಾಡಿ, ಯಾರಿಗೂ ಕೊಡದ ವರದಿ ಇಟ್ಕೊಂಡು ನನ್ನ ತಲೆ ತಿಂತೀರಲ್ಲಮ್ಮ," ಎಂದು ಸಾಹೇಬರು ಕನ್ನಡಕ ಒರೆಸಿಕೊಂಡರು. "ಆಯ್ತು, ಮುಚ್ಚೋಣ. ಯಾಕೆ ಮುಚ್ಚಿದ್ದು ಅಂತ ಇಲಾಖೆ ಕೇಳುತ್ತೆ. ಮುಚ್ಚಳ ತೆಗೆದ ಕೈ ಯಾರದು ಅಂತ ಫೋಟೋದಲ್ಲೇ ಇದೆ. ಬರೀಲಾ?"

ಹನಿಯಮ್ಮ ಅಂದಿನಿಂದ ನೀರಿನ ನಳಿಕೆಯನ್ನು ಯಂತ್ರದೊಳಗೆ ಇಡುತ್ತಿದ್ದಳು, ವರದಿಯೊಳಗೆ ಇಡುತ್ತಿರಲಿಲ್ಲ.

ಹೀಗಿರುವಾಗ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮೂವತ್ತನಾಲ್ಕು ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಮೂರು ದಿನದಲ್ಲಿ ಎಲ್ಲ ಮಕ್ಕಳೂ ಎದ್ದು ಓಡಾಡಿದರು, ಆದರೆ ತಂದೆತಾಯಿಯರ ಸಿಟ್ಟು ಏಳಲೂ ಇಲ್ಲ, ಓಡಲೂ ಇಲ್ಲ, ಶಾಲೆಯ ಗೇಟಿನಲ್ಲೇ ಕೂತಿತು. ಯಾರದೋ ತಲೆ ಬೇಕಿತ್ತು. ಶಾಲಾ ಸಮಿತಿಯವರು ಅಡುಗೆಮನೆಯ ನಾಲ್ವರು ಹೆಂಗಸರ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಕುಡಿಯುವ ನೀರಿನ ಟ್ಯಾಂಕಿನ ಮಾದರಿ ಕಳಿಸುವುದು ಯಾಕೋ ಅವರಿಗೆ ಮರೆತುಹೋಯಿತು. ಟ್ಯಾಂಕು ಕಟ್ಟಿಸಿದವರೇ ಸಮಿತಿಯ ಅಧ್ಯಕ್ಷರು, ಅವರಿಗೆ ನೂರೆಂಟು ಕೆಲಸ.

ಆ ನಾಲ್ವರಲ್ಲಿ ಒಬ್ಬಳು ಹನಿಯಮ್ಮನ ಅತ್ತಿಗೆ. ಅತ್ತಿಗೆ ಎಂದರೆ ಬರೀ ಅಣ್ಣನ ಹೆಂಡತಿಯಲ್ಲ. ತಾಯಿ ತೀರಿಕೊಂಡಾಗ ಹನಿಯಮ್ಮನಿಗೆ ಹನ್ನೊಂದು ವರ್ಷ, ಅಂದಿನಿಂದ ತಲೆ ಬಾಚಿ, ಊಟ ಕಟ್ಟಿಕೊಟ್ಟು, ಓದಿಸಿ, ಈ ಬಿಳಿ ಕೋಟು ಹಾಕುವ ಮಟ್ಟಕ್ಕೆ ತಂದವಳು. ಈಗಲೂ ಮೂವರದೂ ಒಂದೇ ಮನೆ. ಆ ಶಾಲೆಯಲ್ಲಿ ಹದಿನಾರು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಯಾವ ಮಗುವಿಗೆ ಹಲ್ಲು ಬಿದ್ದಿದೆ, ಯಾವುದಕ್ಕೆ ತರಕಾರಿ ಮೆತ್ತಗೆ ಬೇಯಬೇಕು ಎಂಬುದೆಲ್ಲ ಅವಳ ನಾಲಗೆಯ ತುದಿಯಲ್ಲಿತ್ತು.

ಮಾದರಿಗಳ ಮೇಲೆ ಹೆಸರಿರಲಿಲ್ಲ, ಬರೀ ಒಂದರಿಂದ ನಾಲ್ಕು ಅಂಕಿಗಳಿದ್ದವು. ಯಂತ್ರ ತಿರುಗಿತು. ಮೂರನೆಯ ಅಂಕಿಯ ಗೆರೆ ಮೊದಲು ಎದ್ದಿತು. ಅದರ ಹಿಂದೆಯೇ ನೀರಿನ ಗೆರೆ ಎದ್ದಿತು. ಆಮೇಲೆ ಒಂದು, ನಾಲ್ಕು, ಕೊನೆಗೆ ಎರಡು. ನ್ಯಾಯವಾಗಿ ನೋಡಿದರೆ ನೀರಿಗೆ ಎರಡನೇ ಸ್ಥಾನ ಸಿಗಬೇಕಿತ್ತು.

ಸಾಹೇಬರು ಬೆನ್ನ ಹಿಂದೆಯೇ ನಿಂತಿದ್ದರು. "ನಾಲ್ವರಿಗೂ ಇದೆ ಅಂದ್ರೆ ಶಾಲೆಯನ್ನೇ ಮುಚ್ಚಬೇಕಾಗುತ್ತೆ, ಗಲಾಟೆ. ಯಾರಿಗೂ ಇಲ್ಲ ಅಂದ್ರೆ ನಮ್ಮ ಯಂತ್ರ ಯಾಕೆ ಅಂತಾರೆ. ಮೊದಲು ಬಂದವಳು ಯಾರು? ಮೂರು. ಮೂರು ಅಂತ ಬರೆದುಬಿಡಿ, ಉಳಿದವರು ಪಾಸು."

ಓಟದ ಪಂದ್ಯದಲ್ಲೂ ಇಷ್ಟು ಚುರುಕಾಗಿ ತೀರ್ಪು ಕೊಡುವುದಿಲ್ಲ. ಹನಿಯಮ್ಮನ ಕೈ ಸಹಿಯ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಗ ಅವಳ ಮನಸ್ಸು ಹಾಕಿದ ಲೆಕ್ಕ ಇದು: ನಾಲ್ವರಲ್ಲಿ ಅತ್ತಿಗೆ ಒಬ್ಬಳು, ಅಂದರೆ ಶೇಕಡಾ ಇಪ್ಪತ್ತೈದು. ಸಾಹೇಬರ ಚಾಳಿ ಅವಳಿಗೂ ಅಂಟಿತ್ತು. ಶೇಕಡಾ ಎಪ್ಪತ್ತೈದು ಭಾಗ ಅದು ಇನ್ಯಾವಳೋ ಒಬ್ಬಳು. ಅವಳು ಸಹಿ ಹಾಕಿದಳು.

ಮರುದಿನ ಮಧ್ಯಾಹ್ನವೇ ಅತ್ತಿಗೆ ಮನೆಗೆ ಬಂದಳು. ಕೈಯಲ್ಲಿ ಇನ್ನು ಕೆಲಸಕ್ಕೆ ಬರಬೇಡಿ ಎಂಬ ಶಾಲೆಯ ಕಾಗದ. "ನಾನಂತೆ," ಎಂದಳು.

ಅಂದಿನಿಂದ ಅವಳು ತನ್ನ ಮನೆಯ ಅಡುಗೆಮನೆಗೇ ಕಾಲಿಡಲಿಲ್ಲ. ತನ್ನ ತಟ್ಟೆ ಲೋಟವನ್ನು ಹಿತ್ತಿಲ ಕಟ್ಟೆಯ ಮೇಲೆ ಬೇರೆ ಇಟ್ಟುಕೊಂಡು, ಕುದಿಯುವ ನೀರಿನಲ್ಲಿ ತೊಳೆದು, ಅಲ್ಲೇ ಕೂತು ತಿನ್ನುತ್ತಿದ್ದಳು. ಸೋಪಿನಿಂದ ತಿಕ್ಕಿ ತಿಕ್ಕಿ ಬೆರಳ ಸಂದಿಗಳು ಬಿರಿದವು. ಅಡುಗೆ ಅಣ್ಣನ ಪಾಲಿಗೆ ಬಂತು. ಅವನು ದರ್ಜಿ, ತರಕಾರಿಯನ್ನೂ ಅಳತೆ ತೆಗೆದು ಕತ್ತರಿಸುತ್ತಿದ್ದ, ರುಚಿ ಮಾತ್ರ ಯಾರ ಅಳತೆಗೂ ಕೂರುತ್ತಿರಲಿಲ್ಲ. ಅತ್ತಿಗೆ ಹೊಸಿಲಾಚೆ ನಿಂತು, "ಉಪ್ಪು ಹಾಕಿದ್ರಾ," ಎಂದು ಕೇಳುವಳು. ಪಕ್ಕದ ಮನೆಯವಳು ಯಾವಾಗಲೋ ಒಯ್ದಿದ್ದ ಪಾತ್ರೆಯನ್ನು ಗೋಡೆಯ ಮೇಲೆ ಇಟ್ಟು, ಕರೆಯದೆ ಹೋದಳು. ಮಕ್ಕಳ ತಾಯಂದಿರು ಬೀದಿಯಲ್ಲಿ ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಹನಿಯಮ್ಮ ಇದೆಲ್ಲವನ್ನೂ ನೋಡುತ್ತಿದ್ದಳು, ಆದರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಹೆದರಿದಳು. ಅದಕ್ಕಿಂತ ಹೆಚ್ಚಾಗಿ, ಗೊತ್ತಿದ್ದೂ ಸಹಿ ಹಾಕಿದೆ ಎಂದು ಅತ್ತಿಗೆಯ ಮುಖ ನೋಡಿಕೊಂಡು ಹೇಳಬೇಕಲ್ಲ ಎಂದು ಹೆದರಿದಳು.

ಐದನೆಯ ದಿನ ತಟ್ಟೆ ತಾತ ಅವಳ ಮೇಜಿನ ಮುಂದೆ ಬಂದು ನಿಂತರು. ಅವರ ಪರೀಕ್ಷೆಯನ್ನು ಈಗ ಯಾರೂ ಕೇಳುತ್ತಿರಲಿಲ್ಲ, ಆದರೂ ಬಂದ ಮಾದರಿಯನ್ನೆಲ್ಲ ಅಭ್ಯಾಸಬಲದಿಂದ ತಟ್ಟೆಗೆ ಸವರಿ ಇಡುತ್ತಿದ್ದರು.

"ಆ ಮೂರನೇ ನಂಬರ್ ಇದೆಯಲ್ಲ, ಏನೂ ಬೆಳೀಲಿಲ್ಲಮ್ಮ. ನಾಲ್ಕು ತಟ್ಟೆನೂ ಸ್ವಚ್ಛ. ನಿನ್ನ ಯಂತ್ರಕ್ಕೆ ಕಂಡಿದ್ದು ನನ್ನ ತಟ್ಟೆಗೆ ಯಾಕೆ ಕಾಣ್ಲಿಲ್ಲ?"

ಹನಿಯಮ್ಮನಿಗೆ ಮುಳುಗುವವಳಿಗೆ ಹಗ್ಗ ಸಿಕ್ಕಂತಾಯಿತು. ತಾನು ಏನೂ ಒಪ್ಪಿಕೊಳ್ಳದೆಯೇ ಅತ್ತಿಗೆಯನ್ನು ಬಿಡಿಸಬಹುದು. ಆ ತಟ್ಟೆಗಳನ್ನೇ ಹಿಡಿದು ಸಾಹೇಬರ ಕೋಣೆಗೆ ಹೋದಳು. ಮೂರನೆಯ ಅಂಕಿ ನನ್ನ ಅತ್ತಿಗೆ ಸಾರ್, ಅವರ ತಟ್ಟೆಯಲ್ಲಿ ಏನೂ ಇಲ್ಲ, ಹೊಸ ವರದಿ ಕೊಡಿ ಎಂದು ಕೈ ಜೋಡಿಸಿದಳು.

ಸಾಹೇಬರು ತಟ್ಟೆಯನ್ನು ಬೆಳಕಿಗೆ ಹಿಡಿದರು. ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ನಿಧಾನವಾಗಿ ಅರಳಿತು.

"ಆಗ ಇತ್ತು. ಈಗ ಇಲ್ಲ. ಅಂದ್ರೆ ವಾಸಿ ಆಯ್ತು."

"ಔಷಧಿನೇ ಕೊಟ್ಟಿಲ್ವಲ್ಲ ಸಾರ್."

"ಪತ್ತೆ ಹಚ್ಚಿದ್ದೇ ಐವತ್ತು ಪರ್ಸೆಂಟ್ ಚಿಕಿತ್ಸೆ."

"ಇನ್ನೈವತ್ತು?"

"ವಿಶ್ರಾಂತಿ. ಮನೇಲಿ ಕೂತಿದ್ದಾರಲ್ಲ."

ಮೂರೇ ದಿನದಲ್ಲಿ ದಪ್ಪ ಕಾಗದದ ಪ್ರಮಾಣಪತ್ರ ಅಚ್ಚಾಗಿ ಬಂತು. 'ಸದರಿಯವರ ದೇಹದಲ್ಲಿದ್ದ ರೋಗಾಣುವನ್ನು ಈ ಪ್ರಯೋಗಾಲಯವು ಸಕಾಲದಲ್ಲಿ ಪತ್ತೆ ಹಚ್ಚಿದ ಕಾರಣ ಅವರು ಸಂಪೂರ್ಣ ಗುಣಮುಖರಾಗಿರುತ್ತಾರೆ' ಎಂದಿತ್ತು. ಕೆಳಗೆ, 'ಮೇಲ್ಕಂಡದ್ದು ನಿಜವೆಂದು ಒಪ್ಪಿರುತ್ತೇನೆ' ಎಂಬ ಸಾಲು ಮತ್ತು ಅತ್ತಿಗೆಯ ಸಹಿಗೆ ಜಾಗ. ಅದನ್ನು ಶಾಲಾ ಸಮಿತಿಯ ಸಭೆಯಲ್ಲಿ ತಾವೇ ಕೈಯಾರೆ ಕೊಡುವುದಾಗಿ ಸಾಹೇಬರು ಹೇಳಿ ಕಳಿಸಿದರು. ಫೋಟೋದವನಿಗೂ ಹೇಳಿ ಕಳಿಸಿದರು.

ಸಭೆಯ ಹಿಂದಿನ ಸಂಜೆ ಹನಿಯಮ್ಮ ಆ ಕಾಗದದ ಪ್ರತಿಯನ್ನು ಹಿತ್ತಿಲಿಗೆ ಒಯ್ದಳು. ಎಂಟು ದಿನಗಳಲ್ಲಿ ಮೊದಲ ಸಲ ಅವಳ ಹೆಜ್ಜೆ ಹಗುರವಾಗಿತ್ತು. ಅತ್ತಿಗೆ ಕಟ್ಟೆಯ ಮೇಲೆ ಕೂತು ತನ್ನ ಲೋಟ ತೊಳೆಯುತ್ತಿದ್ದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕಾಗದವನ್ನು ಎರಡು ಸಲ ಓದಿದಳು.

"ವಾಸಿ ಆಯ್ತು ಅಂದ್ರೆ, ಇತ್ತು ಅಂತ ತಾನೇ?"

"ಬರೀ ಕಾಗದ ಅತ್ತಿಗೆ. ಒಂದು ಸಹಿ ಹಾಕಿ, ಸೋಮವಾರದಿಂದ ಕೆಲಸಕ್ಕೆ ಹೋಗಿ."

"ಆ ಮಕ್ಕಳು ಹೊಟ್ಟೆ ಹಿಡ್ಕೊಂಡು ಒದ್ದಾಡಿದ್ದು ನನ್ನ ಕೈಯಿಂದ ಅಂತ ನಾನೇ ಬರ್ಕೊಡ್ಲಾ?"

ಹನಿಯಮ್ಮ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡಳು.

"ಯಂತ್ರ ಏನು ಹೇಳ್ತು ಅಂತ ಕೇಳ್ತಿಲ್ಲ," ಎಂದಳು ಅತ್ತಿಗೆ. "ನಿನಗೇನು ಗೊತ್ತು ಹೇಳು. ನನಗೆ ರೋಗ ಇತ್ತಾ?"

"ಇರ್ಲಿಲ್ಲ."

ಆಮೇಲೆ ಎಲ್ಲವೂ ಹೊರಬಂತು. ಮುಚ್ಚಳ, ಕಿಟಕಿ, ಕರ್ಚೀಫು, ನೀರಿನ ಗೆರೆ. ಅತ್ತಿಗೆ ಕೊನೆಗೆ ಕೇಳಿದಳು.

"ಇದು ನಿನಗೆ ಯಾವತ್ತು ಗೊತ್ತಾಯ್ತು?"

ನಿನ್ನೆ ಎನ್ನಬಹುದಿತ್ತು. ತಟ್ಟೆ ತಾತ ಹೇಳಿದ ದಿನ ಎನ್ನಬಹುದಿತ್ತು. ಹನಿಯಮ್ಮ, "ಸಹಿ ಹಾಕುವಾಗಲೇ ಗೊತ್ತಿತ್ತು," ಎಂದಳು.

"ಅದು ನನ್ನ ನಂಬರ್ ಅಂತ?"

"ಅದು ಗೊತ್ತಿರ್ಲಿಲ್ಲ. ಬೇರೆ ಯಾರದೋ ಇರುತ್ತೆ ಅಂದ್ಕೊಂಡೆ."

"ಬೇರೆ ಯಾರೋ ಅಂದ್ರೆ," ಎಂದಳು ಅತ್ತಿಗೆ. "ಬೇಳೆ ಆರಿಸೋ ಆ ಮುದುಕಿನಾ? ಇಲ್ಲ ಗಂಡ ಇಲ್ಲದೆ ಎರಡು ಮಕ್ಕಳನ್ನ ಸಾಕ್ತಿದ್ದಾಳಲ್ಲ, ಪಾತ್ರೆ ತೊಳೆಯೋಳು, ಅವಳಾ?" ಉತ್ತರಕ್ಕೆ ಕಾಯದೆ ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಎದ್ದು ಒಳಗೆ ಹೋದಳು.

ಸಭೆ ಶಾಲೆಯ ಒಂದನೇ ತರಗತಿಯ ಕೋಣೆಯಲ್ಲಿತ್ತು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಕೂತಿದ್ದರು, ಸಾಹೇಬರ ಮೊಣಕಾಲು ಅವರ ಎದೆಗೆ ತಾಗುತ್ತಿತ್ತು. ಟ್ಯಾಂಕಿನ ಅಧ್ಯಕ್ಷರಿಗೆ ಮಾತ್ರ ಮೇಷ್ಟರ ಕುರ್ಚಿ. ಅಡುಗೆಮನೆಯ ನಾಲ್ವರು ಬಾಗಿಲ ಬಳಿ ನಿಂತಿದ್ದರು, ಮೂವರು ಒಂದು ಕಡೆ, ಅತ್ತಿಗೆ ಒಂದು ಕಡೆ. ಹದಿನೈದು ಇಪ್ಪತ್ತು ಮಂದಿ ತಂದೆತಾಯಿಯರೂ ಬಂದಿದ್ದರು. ಸಾಹೇಬರು ಪತ್ತೆಯ ಪ್ರಮಾಣದ ಬಗ್ಗೆ ಅರ್ಧ ಗಂಟೆ ಮಾತಾಡಿ, ಪ್ರಮಾಣಪತ್ರವನ್ನು ಎತ್ತಿ ಹಿಡಿದು, ಸಹಿ ಹಾಕಲು ಅತ್ತಿಗೆಯನ್ನು ಕರೆದರು. ಅತ್ತಿಗೆ ಅಲುಗಾಡಲಿಲ್ಲ.

ಆಗ ಹನಿಯಮ್ಮ ಎದ್ದು ನಿಂತಳು. ಮಕ್ಕಳ ಡೆಸ್ಕು ಹಿಡಿದುಕೊಂಡಳು.

"ಆ ವರದಿ ತಪ್ಪು," ಎಂದಳು. "ಯಂತ್ರದಿಂದ ತೆಗೆದ ನಳಿಕೆ ತೆರೆಯಬಾರದು. ನಾನು ತೆರೆದೆ. ಅವತ್ತಿಂದ ನಮ್ಮ ಕೋಣೆ ತುಂಬ ಅದೇ ಡಿಎನ್‌ಎ ಕೂತಿದೆ. ಬರೀ ನೀರು ಹಾಕಿದ್ರೂ ರೋಗ ಅಂತಾನೇ ಬರ್ತಿದೆ. ಅವತ್ತು ನಾಲ್ವರದೂ ಬಂತು, ನೀರಿಂದೂ ಬಂತು. ಮೊದಲು ಬಂದಿದ್ದನ್ನ ಮಾತ್ರ ಬರೆದ್ವಿ. ಗೊತ್ತಿದ್ದೂ ಸಹಿ ಹಾಕ್ದೆ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅಂದ್ರೆ ನೀರಿಗೂ ರೋಗ ಇತ್ತು ಅಂತೀರಾ?" ನೀರು ಎಂಬ ಮಾತೇ ಅವರಿಗೆ ಹಿಡಿಸಿರಲಿಲ್ಲ.

"ನೀರಿಗಿರ್ಲಿಲ್ಲ. ನಮಗಿತ್ತು."

ಸಾಹೇಬರು ಆ ಪುಟ್ಟ ಬೆಂಚಿನಿಂದ ಕಷ್ಟಪಟ್ಟು ಎದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಒಂದೇ ಪ್ರಶ್ನೆ ಕೇಳಿ ಸಾಕು. ಇವರು ಆಕೆಗೆ ಏನಾಗ್ಬೇಕು?"

"ನಾದಿನಿ," ಎಂದಳು ಹನಿಯಮ್ಮ.

ಕೋಣೆಯಲ್ಲಿ ಒಂದು ನಿಟ್ಟುಸಿರು ಹರಿದಾಡಿತು. ಎಲ್ಲರಿಗೂ ಎಲ್ಲ ಅರ್ಥವಾಯಿತು. ತಂದೆತಾಯಿಯರು ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. ಡಿಎನ್‌ಎ, ನಳಿಕೆ, ಗೆರೆ ಎಂದು ಯಾರಾದರೂ ಇಡೀ ದಿನ ಹೇಳಿದರೂ ತಲೆಗೆ ಹೋಗದಿದ್ದುದು ನಾದಿನಿ ಎಂಬ ಒಂದೇ ಮಾತಿಗೆ ಹೋಯಿತು. "ಮನೆಯವರನ್ನ ಬಿಟ್ಟುಕೊಡೋಕಾಗುತ್ತಾ, ಪಾಪ," ಎಂದರು ಹಿಂದಿನ ಬೆಂಚಿನಿಂದ ಯಾರೋ. ಸಾಹೇಬರು ಪ್ರಮಾಣಪತ್ರವನ್ನು ಮತ್ತೆ ಎತ್ತಿ ಹಿಡಿದರು. ಹನಿಯಮ್ಮ ನಿಜ ಹೇಳಿಯೂ ಅತ್ತಿಗೆಯನ್ನು ಇನ್ನಷ್ಟು ಕೆಳಗೆ ತಳ್ಳಿದ್ದಳು.

ಅತ್ತಿಗೆ ಬಾಗಿಲ ಬಳಿಯಿಂದ ಕೋಣೆಯ ನಡುವೆ ಬಂದಳು. ಹದಿನಾರು ವರ್ಷ ಮಕ್ಕಳ ಗಲಾಟೆಯ ಮೇಲೆ ಕೂಗಿ ಪಳಗಿದ ದನಿ ಅವಳದು, ಅಂದು ಅದನ್ನು ಏರಿಸಲೇ ಇಲ್ಲ.

"ಹೌದು, ನಾದಿನಿ. ನಾನೇ ಸಾಕಿದ್ದು," ಎಂದಳು. "ಒಂಬತ್ತು ದಿನ ನಾನು ಹಿತ್ತಿಲಲ್ಲಿ ಕೂತು ತಿಂದೆ. ಇವಳು ಅಲ್ಲೇ ಒಳಗೆ ಕೂತು ತಿಂದಳು. ನನಗೆ ಏನೂ ಇಲ್ಲ ಅಂತ ಇವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಒಂದು ಮಾತು ಹೇಳಲಿಲ್ಲ. ಮನೆಯವಳು ಅಂತ ನನ್ನನ್ನ ಉಳಿಸೋ ಹಾಗಿದ್ದಿದ್ರೆ ಅವತ್ತೇ ಉಳಿಸ್ತಿದ್ದಳು. ಇಂಥವಳು ನನಗೋಸ್ಕರ ಸುಳ್ಳು ಹೇಳ್ತಾಳೆ ಅಂತ ನಿಮಗೆ ಹೇಗೆ ಅನ್ನಿಸ್ತು?"

ಹನಿಯಮ್ಮ ತಲೆ ತಗ್ಗಿಸಿದಳು. ಅಲ್ಲಿ ಕೂತಿದ್ದವರೆಲ್ಲ ಅವಳನ್ನು ನೋಡಿದರು, ಅವಳು ತಲೆ ತಗ್ಗಿಸಿದ್ದನ್ನೂ ನೋಡಿದರು. ಸಾಹೇಬರ ಕೈಯಲ್ಲಿದ್ದ ಕಾಗದ ನಿಧಾನವಾಗಿ ಕೆಳಗಿಳಿಯಿತು. ಒಬ್ಬ ತಾಯಿ ಎದ್ದು, ಸೋಮವಾರ ಅಡುಗೆಗೆ ಬರ್ತೀರಾ ಎಂದು ಅತ್ತಿಗೆಯನ್ನು ಕೇಳಿದಳು.

ಇಂಥವಳು ನನಗೋಸ್ಕರ ಸುಳ್ಳು ಹೇಳುವವಳಲ್ಲ ಎಂಬ ಅತ್ತಿಗೆಯ ಮಾತನ್ನು ಇಡೀ ಕೋಣೆ ನೂರಕ್ಕೆ ನೂರು ನಂಬಿತ್ತು. ಹನಿಯಮ್ಮನೂ ನಂಬಿದ್ದಳು.